‘ವೃತ್ತಿಪರ’ ಅಂದರೆ ಹೊಗಳಿಕೆಯೋ, ಕೀಳಂತಸ್ತೋ?

ಗೆಳೆಯರೇ, ನಮಸ್ಕಾರ.

ಅಮೆರಿಕದ ಗಾಲ್ಫ್ ಆಟಗಾರ ವಾಲ್ಟರ್ ಹೇಗನ್ ಬಗ್ಗೆ ಒಂದು ಸಣ್ಣ ಲೇಖನ ಬರೆಯುತ್ತಿದ್ದೇನೆ. ಒಂದು ವಾಕ್ಯದಲ್ಲಿ ಸಿಕ್ಕಿಹಾಕಿಕೊಂಡು ಎರಡು ದಿನವಾಯಿತು. ವಾಕ್ಯ ಇದು: ‘ಹೇಗನ್ ವೃತ್ತಿಪರ ಆಟಗಾರರಾಗಿದ್ದರಿಂದ ಅವರನ್ನು ಕ್ಲಬ್ಬಿನೊಳಗೆ ಬಿಡಲಿಲ್ಲ.’

ಓದಿದವರಿಗೆ ತಲೆಬುಡ ಗೊತ್ತಾಗುವುದಿಲ್ಲ, ಅಲ್ವಾ? ಇವತ್ತು ಯಾರನ್ನಾದರೂ ‘ತುಂಬಾ ವೃತ್ತಿಪರರು’ ಎಂದರೆ ಹೊಗಳಿದ ಹಾಗೆ. ಹೊತ್ತಿಗೆ ಸರಿಯಾಗಿ ಬರುತ್ತಾರೆ, ಕೆಲಸ ಅಚ್ಚುಕಟ್ಟು. ಅಂಥವರನ್ನು ಯಾರಾದರೂ ಹೊರಗೆ ನಿಲ್ಲಿಸುತ್ತಾರೆಯೇ?

ಆದರೆ ನಡೆದದ್ದು ಅದೇ. 1920ರಲ್ಲಿ ಇಂಗ್ಲೆಂಡಿನ ಡೀಲ್‌ನಲ್ಲಿ ಬ್ರಿಟಿಷ್ ಓಪನ್ ಗಾಲ್ಫ್ ಪಂದ್ಯಾವಳಿ. ಹೇಗನ್ ಅಷ್ಟರಲ್ಲಿ ಎರಡು ಸಲ, 1914 ಮತ್ತು 1919ರಲ್ಲಿ, ಯುಎಸ್ ಓಪನ್ ಗೆದ್ದಿದ್ದರು. ಆದರೂ ಬಟ್ಟೆ ಬದಲಿಸಲು ಕ್ಲಬ್ಬಿನ ಒಳಗೆ ಹೋಗುವ ಹಾಗಿರಲಿಲ್ಲ. ಅವರು ದೊಡ್ಡದೊಂದು ಕಾರನ್ನು ಬಾಡಿಗೆಗೆ ತಂದು, ಕ್ಲಬ್ಬಿನ ಎದುರೇ ನಿಲ್ಲಿಸಿ, ಅದರಲ್ಲೇ ಬಟ್ಟೆ ಬದಲಿಸಿಕೊಂಡರು. ಆ ಕಾಲದ ಗಾಲ್ಫ್‌ನಲ್ಲಿ ದುಡ್ಡಿಗಾಗಿ ಆಡುವವನು ಕ್ಲಬ್ಬಿನ ನೌಕರ. ಸದಸ್ಯರಿಗೆ ಆಟ ಕಲಿಸಬೇಕು, ಅವರ ಕೋಲುಗಳನ್ನು ರಿಪೇರಿ ಮಾಡಬೇಕು, ಚೆಂಡು ಮಾರಬೇಕು. ಹೇಗನ್ ಕೂಡ ಅಮೆರಿಕದ ರಾಚೆಸ್ಟರ್‌ನಲ್ಲಿ ಬೇರೆಯವರ ಕೋಲುಗಳ ಚೀಲ ಹೊತ್ತೇ ಆಟ ಕಲಿತವರು. ಗೌರವವೆಲ್ಲ ದುಡ್ಡು ಮುಟ್ಟದೆ ಆಡುವ ‘ಹವ್ಯಾಸಿ’ಗೆ.

ಆ ‘ಹವ್ಯಾಸಿ’ಯೂ ಕೈಕೊಡುತ್ತದೆ. ನಮಗೆ ಹವ್ಯಾಸಿ ಅಂದರೆ ಭಾನುವಾರ ಸುಮ್ನೆ ಆಡಿ ಬರುವವನು. ಆದರೆ ಅಮೆರಿಕದ ಇನ್ನೊಬ್ಬ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಹವ್ಯಾಸಿಯಾಗಿದ್ದುಕೊಂಡೇ ನಾಲ್ಕು ಸಲ ಯುಎಸ್ ಓಪನ್ ಗೆದ್ದರು. ಇಲ್ಲಿ ಎರಡು ಪದಗಳೂ ಆಟದ ಮಟ್ಟವನ್ನು ಹೇಳುತ್ತಿಲ್ಲ, ಮನುಷ್ಯನ ಅಂತಸ್ತನ್ನು ಹೇಳುತ್ತಿವೆ.

‘ಕಸುಬುದಾರ’ ಅಂತ ಬರೆದು ನೋಡಿದೆ. ಅದರಲ್ಲೂ ಹೊಗಳಿಕೆ ಇದೆ, ಕೈಚಳಕದ ವಾಸನೆ ಇದೆ. ‘ಸಂಬಳದ ಆಟಗಾರ’ ಕ್ಲಬ್ಬಿನ ನೌಕರಿಗೆ ಸರಿ. ಆದರೆ ಹೇಗನ್ 1919ರ ಗೆಲುವಿನ ನಂತರ ಓಕ್ಲಂಡ್ ಹಿಲ್ಸ್ ಕ್ಲಬ್ಬಿನ ಆ ನೌಕರಿಯನ್ನೇ ಬಿಟ್ಟರು. ಊರೂರು ತಿರುಗಿ, ಆಡಿ, ಅದರಲ್ಲೇ ಬದುಕುತ್ತೇನೆ ಎಂದು ಹೊರಟರು. ಹಾಗಾಗಿ ಈಗ ನನ್ನ ಮನಸ್ಸು ‘ವೃತ್ತಿ ಆಟಗಾರ’ದ ಕಡೆಗಿದೆ. ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂದು ನಾವು ಎಷ್ಟೋ ಕಾಲದಿಂದ ಹೇಳುತ್ತಿದ್ದೇವೆ. ಅಲ್ಲಿ ‘ವೃತ್ತಿ’ ಅಂದರೆ ಹೊಟ್ಟೆಪಾಡು, ಅಷ್ಟೇ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ.

ಇನ್ನೊಂದು ಪದ ‘ವೃತ್ತಿಜೀವನ’. ಇದು ನಿವೃತ್ತಿ ಸಮಾರಂಭದ ಭಾಷಣದಂತೆ ಕೇಳುತ್ತದೆ. ನಾನು ಕರಾವಳಿಯವನು. ನಮ್ಮಲ್ಲಿ ಯಕ್ಷಗಾನ ಕಲಾವಿದರ ಬಗ್ಗೆ ‘ಇಷ್ಟು ವರ್ಷ ತಿರುಗಾಟ ಮಾಡಿದ್ದಾರೆ’ ಎನ್ನುತ್ತೇವೆ. ಮೇಳದ ಜೊತೆ ರಾತ್ರಿಗೊಂದು ಊರು. ಆ ವರ್ಷಗಳ ಲೆಕ್ಕವೇ ಅವರ ಬದುಕಿನ ಲೆಕ್ಕ. (ನಮಗೆ ಯಕ್ಷಗಾನವೂ ‘ಆಟ’ವೇ.) ಹೇಗನ್ ಮಾಡಿದ್ದೂ ಇದನ್ನೇ. ಪಂದ್ಯಾವಳಿಗಳ ನಡುವೆ ಊರಿಂದ ಊರಿಗೆ ಪ್ರದರ್ಶನ ಪಂದ್ಯ, ಆಸ್ಟ್ರೇಲಿಯಾದ ಜೋ ಕರ್ಕ್‌ವುಡ್ ಜೊತೆ ದೇಶ ದೇಶ ಸುತ್ತಾಟ. ‘ಹೇಗನ್ ಅವರ ತಿರುಗಾಟದ ವರ್ಷಗಳಲ್ಲಿ ಒಂಬತ್ತು ದೊಡ್ಡ ಪ್ರಶಸ್ತಿಗಳು ಬಂದವು, ಅದರಲ್ಲಿ ನಾಲ್ಕು ಬ್ರಿಟಿಷ್ ಓಪನ್’ ಎಂದು ಬರೆದಾಗ ನನಗೆ ಮನುಷ್ಯ ಕಣ್ಣಿಗೆ ಕಂಡರು. ಇಂಗ್ಲಿಷಿನವರು ‘ಟೂರ್’ ಅನ್ನುವುದೂ ಇದನ್ನೇ ಅಲ್ಲವೇ?

ಡೀಲ್‌ನ ವರ್ಷವೇ ಅಮೆರಿಕದ ಇನ್ವರ್ನೆಸ್ ಕ್ಲಬ್ ಯುಎಸ್ ಓಪನ್ ಸಮಯದಲ್ಲಿ ವೃತ್ತಿ ಆಟಗಾರರಿಗೆ ಬಾಗಿಲು ತೆರೆಯಿತು. ಆಟಗಾರರು ದುಡ್ಡು ಕೂಡಿಸಿ ಆ ಕ್ಲಬ್ಬಿಗೆ ಎತ್ತರದ ಗಡಿಯಾರವೊಂದನ್ನು ಕೊಟ್ಟರು. ಈ ಭಾಗ ಬರೆಯುವಾಗ ‘ವೃತ್ತಿ ಆಟಗಾರ’ ಚೆನ್ನಾಗಿಯೇ ಹೊಂದಿಕೊಂಡಿತು.

ಈಗ ನನ್ನ ಪ್ರಶ್ನೆ. ‘ತಿರುಗಾಟ’ ಕರಾವಳಿ, ಮಲೆನಾಡಿನ ಆಚೆ ಈ ಅರ್ಥದಲ್ಲಿ ತಿಳಿಯುತ್ತದೆಯೇ? ಅಥವಾ ‘ಸುಮ್ನೆ ಅಲೆಯೋದು’ ಅಂತ ಅನಿಸುತ್ತದೆಯೇ? ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ ಕ್ಯಾಂಪಿಂದ ಕ್ಯಾಂಪಿಗೆ ಹೋಗಿ ಕಳೆದ ವರ್ಷಗಳಿಗೆ ಕಲಾವಿದರು ಏನೆನ್ನುತ್ತಾರೆ? ಅಲ್ಲಿನವರು ಯಾರಾದರೂ ತಿಳಿಸಿ.