ಅಜ್ಜನ ಹೆಸರಿನ ಮನೆಗೆ ಇ-ಖಾತಾ: ನಾವೇ ಓಡಾಡಬೇಕಾ, ಏಜೆಂಟ್‌ಗೆ ಕೊಡಬೇಕಾ?

ಕೇಳಿದವರು, ಹಳೇ ಹುಬ್ಬಳ್ಳಿ:
ನಮ್ಮ ಮನೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಜ್ಜ ಇಲ್ಲ, ಅಪ್ಪನೂ ಹೋದ ವರ್ಷ ತೀರಿಕೊಂಡರು. ರಿಪೇರಿಗೆ ಸಾಲ ಬೇಕು, ಬ್ಯಾಂಕಿನವರು ಇ-ಖಾತಾ, ಅಂದರೆ ಪಾಲಿಕೆಯ ಕಂಪ್ಯೂಟರ್ ಆಸ್ತಿ ದಾಖಲೆ, ತನ್ನಿ ಅಂದರು. ಒಬ್ಬ ಏಜೆಂಟ್ 25,000 ಕೇಳುತ್ತಿದ್ದಾನೆ. ನೀವೆಲ್ಲ ಹೇಗೆ ಮಾಡಿಸಿದಿರಿ?

ಕೇಶ್ವಾಪುರ:
ಏಜೆಂಟ್‌ಗೆ ಒಂದು ರೂಪಾಯಿ ಕೊಡಬೇಡಿ. ನಾನು ಎಲ್ಲಾ ನಾನೇ ಮಾಡಿಸಿದ್ದೇನೆ. ನಮ್ಮದು ಸಿಟಿ ಸರ್ವೆ ಜಾಗ. ಉತಾರದಲ್ಲಿ, ಅಂದರೆ ಆಸ್ತಿ ದಾಖಲೆಯ ಪ್ರತಿಯಲ್ಲಿ, 83.61 ಚದರ ಮೀಟರ್ ಅಂತ ಇತ್ತು. ಅಂದರೆ 900 ಚದರ ಅಡಿ. ಕಂಪ್ಯೂಟರ್‌ಗೆ ಹಾಕುವವರು ಅದನ್ನೇ 83.61 ಚದರ ಅಡಿ ಅಂತ ಹಾಕಿಬಿಟ್ಟರು! ಕರಡು ಪ್ರತಿ ಕೈಗೆ ಬಂದಾಗ ನಮ್ಮ ಮನೆ ಒಂದು ಕೋಣೆಯಷ್ಟಾಗಿತ್ತು. ತಿದ್ದಿಸಲು ಮತ್ತೆ ಅರ್ಜಿ, ಮತ್ತೆ ಅಫಿಡವಿಟ್, ಮತ್ತೆ ಅಳತೆಗೆ ಬರುವವರ ದಾರಿ ಕಾಯೋದು. ಹಳೆ ತೆರಿಗೆ ಬಾಕಿ 11,400 ಇತ್ತು. ತಿಂಗಳಿಗೆ 2% ದಂಡ ಬೆಳೆದು ಅಸಲಿನ ಹತ್ತಿರಕ್ಕೇ ಬಂದಿತ್ತು. ಆದರೂ ಯಾರ ಕೈಯನ್ನೂ ಬಿಸಿ ಮಾಡಲಿಲ್ಲ. ಸಕಾಲದ (ಇಷ್ಟು ದಿನದೊಳಗೆ ಕೆಲಸ ಮಾಡಿಕೊಡಬೇಕೆಂಬ ಸರ್ಕಾರಿ ಯೋಜನೆ) ಅರ್ಜಿ ನಂಬರ್ ಇಟ್ಟುಕೊಂಡು ಪ್ರತಿ ಸಲ ಅದನ್ನೇ ಮುಂದೆ ಹಿಡಿದೆ. ಅಕ್ಕಂದಿರ ಹತ್ತಿರ ಹಕ್ಕುಬಿಟ್ಟ ಪತ್ರ ಮೊದಲೇ ಬರೆಸಿಕೊಂಡಿದ್ದೆ, ಆ ಕಡೆಯಿಂದ ತಕರಾರು ಬರಲಿಲ್ಲ.

ನವನಗರ:
ಸಂಬಳದವರಿಗೆ ಈ ಮಾತು ಸುಲಭ. ರಜೆ ಹಾಕಿದರೂ ಪಗಾರ ಬರುತ್ತದೆ. ನಂದು ಕಿರಾಣಿ ಅಂಗಡಿ. ಒಂದು ದಿನ ಬಾಗಿಲು ಹಾಕಿದರೆ 1,500 ಹೋಯಿತು, ಗಿರಾಕಿ ಪಕ್ಕದ ಅಂಗಡಿ ಹಿಡಿಯುತ್ತಾನೆ. ನಾನು ಏಜೆಂಟ್‌ಗೇ ಕೊಟ್ಟೆ. ಮೊದಲು 18,000 ಅಂದ. ಆಮೇಲೆ ಇ.ಸಿ.ಗೆ (ಆಸ್ತಿಯ ಋಣಭಾರ ಪತ್ರ) ಅಂತ 1,200, ವಂಶಾವಳಿಗೆ ಅಂತ 2,000, ನೋಟರಿಗೆ 600. ನಮ್ಮ ಅಜ್ಜನ ಹೆಸರು ಖರೇದಿಯಲ್ಲಿ ಬಸಪ್ಪ, ತೆರಿಗೆ ಪಾವತಿಯಲ್ಲಿ ಬಸವಣ್ಣೆಪ್ಪ. ಇಬ್ಬರೂ ಒಬ್ಬರೇ ಅಂತ ತೋರಿಸಲು ಮತ್ತೆ 3,000. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಕಾಗದ ಮನೆಗೆ ಬಂತು, ಅಂಗಡಿ ಒಂದು ದಿನವೂ ಮುಚ್ಚಲಿಲ್ಲ. ಇನ್ನೊಬ್ಬರ ಕಷ್ಟ ನೋಡದೆ ಉಪದೇಶ ಮಾಡಬೇಡಿ.

ಕೇಶ್ವಾಪುರ:
ನಾನೂ ಸಂಬಳದವನಲ್ಲ, ಆಟೋ ಬಿಡಿಭಾಗದ ವ್ಯಾಪಾರ ನಂದು. ನಿಮ್ಮಂಥವರು ಕೊಟ್ಟು ಕೊಟ್ಟೇ ರೇಟು 25,000ಕ್ಕೆ ಏರಿದ್ದು. ಈಗ ಕೇಳಿದವರು ಅದನ್ನು ತೆರಬೇಕಲ್ಲ!

ವಿದ್ಯಾನಗರ:
ಕೇಶ್ವಾಪುರದವರೇ, ಹಕ್ಕುಬಿಟ್ಟ ಪತ್ರ ಬರೆಸಿಕೊಂಡೆ ಅಂತ ಎಷ್ಟು ಸಲೀಸಾಗಿ ಹೇಳಿದಿರಿ. ನಾನು ಅಂಥ ಪತ್ರಕ್ಕೆ ಸಹಿ ಹಾಕಲು ಒಪ್ಪದ ತಂಗಿ. 2005ರಿಂದ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾಯ್ದೆಯಲ್ಲೇ ಇದೆ. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿ ಮಾಡಿತು. ನಮ್ಮಣ್ಣ "ಬರೀ ಖಾತಾ ಬದಲಿಗೆ ಒಂದು ಸಹಿ" ಅಂತ ಕಾಗದ ತಂದ. ಓದಿ ನೋಡಿದರೆ ಕೊನೆಯ ಸಾಲಿನಲ್ಲಿ "ಯಾವ ಹಕ್ಕೂ ಉಳಿದಿರುವುದಿಲ್ಲ" ಅಂತಿತ್ತು. ವಾರಸುದಾರರ ಹೆಸರು ದಾಖಲು ಮಾಡಲು ಹಕ್ಕು ಬಿಡಬೇಕಾಗಿಲ್ಲ. ಎಲ್ಲರ ಹೆಸರೂ ಹಾಕಿಸಿ ಅಂದೆ. ಅಂದಿನಿಂದ ಪಂಚಮಿಗೆ ತವರಿನ ಕರೆ ನಿಂತಿದೆ. ಆದರೆ ಉತಾರದಲ್ಲಿ ನನ್ನ ಹೆಸರಿದೆ.

ಕೇಶ್ವಾಪುರ:
ನಮ್ಮ ಅಕ್ಕಂದಿರು ಖುಷಿಯಿಂದ ಕೊಟ್ಟರು. ಅವರ ಮದುವೆ, ಬಾಣಂತನ ಎಲ್ಲಾ ಯಾರು ಮಾಡಿದ್ದು ಅಂತ ಅವರಿಗೆ ಗೊತ್ತು. ನಿಮ್ಮ ಮನೆಯ ಜಗಳ ಇಲ್ಲಿ ಯಾಕೆ?

ವಿದ್ಯಾನಗರ:
ಬಾಣಂತನದ ಲೆಕ್ಕ ಆಸ್ತಿಯಲ್ಲಿ ಮುರಿದುಕೊಳ್ಳುವುದಾದರೆ, ಅಪ್ಪನ ಕೊನೆಯ ವರ್ಷಗಳಲ್ಲಿ ಆಸ್ಪತ್ರೆಗೆ ಓಡಾಡಿದವರ ಲೆಕ್ಕವನ್ನೂ ಬರೆಯಿರಿ.

ಸಾಧನಕೇರಿ, ಧಾರವಾಡ:
ನಿಮ್ಮ ಜಗಳ ಇರಲಿ. ನಮಗೆ ಒಂದು ಕಡತ ಹುಬ್ಬಳ್ಳಿಗೆ ಹೋಯಿತು ಅಂದರೆ ಅದರ ಹಿಂದೆ ನಾವೂ ಬಸ್ ಹತ್ತಬೇಕು. ಅದಕ್ಕೇ ಧಾರವಾಡಕ್ಕೆ ಬೇರೆ ಪಾಲಿಕೆ ಬೇಕು ಅಂತ ಅಷ್ಟು ವರ್ಷ ಹೋರಾಡಿದ್ದು. 2025ರ ಜನವರಿಯಲ್ಲಿ ಸಂಪುಟ ಒಪ್ಪಿತು. ಈ ಮಾತಿಗೂ ಹುಬ್ಬಳ್ಳಿಯವರು ಸಿಟ್ಟಾಗುತ್ತಾರೆ, ಯಾಕೆ ಅಂತ ತಿಳಿಯದು.

ನವನಗರ:
ಸಿಟ್ಟಲ್ಲ. 1962ರಲ್ಲೇ ಎರಡೂ ಊರು ಸೇರಿ ಒಂದೇ ಪಾಲಿಕೆ ಆಯಿತು. ನವನಗರ ಇರುವುದು ಎರಡರ ನಡುವೆ. ನಮ್ಮನ್ನು ಯಾವ ಕಡೆ ಹಾಕಿದರೂ ಕಡತ ಕೈ ಬದಲಾಗುವಾಗ ನರಳುವವರು ನಾವೇ.

ಸಾಧನಕೇರಿ, ಧಾರವಾಡ:
ಇಷ್ಟು ವರ್ಷ ನರಳಿದವರು ನಾವು. ಎಂಟು ದಿನಕ್ಕೊಮ್ಮೆ ನಲ್ಲಿ ನೀರು ಬಂದದ್ದು ನೆನಪಿದೆಯಾ?

ನವನಗರ:
ನಮಗೂ ಹಾಗೇ ಬರುತ್ತಿತ್ತು ಸ್ವಾಮಿ. ಕುಡಿಯುವುದು ಇಬ್ಬರೂ ಅದೇ ಮಲಪ್ರಭೆ ನೀರು.

ಬೆಟಗೇರಿ:
ನಿಮಗೆಲ್ಲ ಖರೇದಿ ಪತ್ರವಾದರೂ ಇದೆ. ನಮ್ಮದು ಗುಂಟೆ ಪ್ಲಾಟ್, ಹೊಲವನ್ನೇ ತುಂಡು ಮಾಡಿ ಮಾರಿದ್ದು. ಎನ್‌ಎ (ಕೃಷಿಯೇತರ ಪರಿವರ್ತನೆ) ಆಗಿಲ್ಲ, ಲೇಔಟ್ ಮಂಜೂರಿ ಇಲ್ಲ. ಮಾರಿದವನು ಕೈ ತೊಳೆದುಕೊಂಡ. 2025ರಲ್ಲಿ ಇಂಥ ಜಾಗಕ್ಕೂ ಬಿ-ಖಾತಾ (ಎ-ಖಾತಾ ಮಂಜೂರಿ ಸರಿ ಇದ್ದವರಿಗೆ) ಕೊಡುತ್ತೇವೆ ಅಂದಾಗ ಮನೆಯವಳ ಎರಡು ತೊಲೆ ಬಂಗಾರ ಅಡವಿಟ್ಟು ಬಾಕಿ ಎಲ್ಲಾ ತುಂಬಿದೆ. ಬಿ-ಖಾತಾ ಬಂತು. ಅದನ್ನು ಹಿಡಿದು ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಹಾಳೆಯ ಮೇಲಿನ "ಬಿ" ಅಕ್ಷರದ ಮೇಲೆ ಬೆರಳಿಟ್ಟು, ಎ ಇದ್ದರೆ ತನ್ನಿ ಅಂದ. ಬಂಗಾರ ಇನ್ನೂ ಬಿಡಿಸಿಲ್ಲ. ಹಳೇ ಹುಬ್ಬಳ್ಳಿಯವರೇ, ಮೊದಲು ನಿಮ್ಮದು ಎ-ಖಾತಾಕ್ಕೆ ಬರುತ್ತದಾ ಅಂತ ಕೇಳಿ, ಆಮೇಲೆ ದುಡ್ಡು ಬಿಚ್ಚಿ.

ಕೇಶ್ವಾಪುರ:
ಹಳೇ ಹುಬ್ಬಳ್ಳಿಯ ಅಜ್ಜನ ಮನೆಗೆ ಬಿ-ಖಾತಾ ಯಾಕೆ ಬರುತ್ತದೆ? ಸುಮ್ನೆ ಹೆದರಿಸಬೇಡಿ.

ಬೆಟಗೇರಿ:
ಹೆದರಿಸಲಿಲ್ಲ. ನನಗೂ ಮಾರುವವನು "ಯಾಕೆ ಬರುತ್ತದೆ" ಅಂತಲೇ ಹೇಳಿದ್ದ.