ಫರ್ಮ್‌ವೇರ್ ಅಪ್‌ಡೇಟ್ ಅರ್ಧಕ್ಕೇ ನಿಲ್ಲುತ್ತಿದೆ, ಅನುಭವ ಇರುವವರು ಹೇಳಿ

ಪ್ರಶ್ನೆ:
ಕಾಕ್‌ಪಿಟ್‌ನ ಗಾಜಿಗೆ ಅಂಟಿಸಿಕೊಳ್ಳುವ ಪುಟ್ಟ ಎಡಿಎಸ್-ಬಿ (ವಿಮಾನಗಳು ತಮ್ಮ ಸ್ಥಾನವನ್ನು ತಾವೇ ಬಿತ್ತರಿಸುವ ವ್ಯವಸ್ಥೆ) ಸಾಧನವೊಂದು ನನ್ನ ಬಳಿ ಇದೆ. ಸುತ್ತಲಿನ ವಿಮಾನಗಳ ಸಂಕೇತ ಹಿಡಿದು, ವೈಫೈ ಮೂಲಕ ಟ್ಯಾಬ್ಲೆಟ್‌ನ ನಕ್ಷೆಯ ಮೇಲೆ ತೋರಿಸುತ್ತದೆ. ಹೊಸ ಫರ್ಮ್‌ವೇರ್, ಅಂದರೆ ಸಾಧನದೊಳಗಿನ ತಂತ್ರಾಂಶ, ಹಾಕಲು ಹೋದರೆ ಫೈಲ್ ಅರ್ಧ ಏರಿ ನಿಂತುಬಿಡುತ್ತದೆ. ಕೆಲವೊಮ್ಮೆ ಪೂರ್ತಿ ಏರಿದರೂ, ಆರಿಸಿ ಹಚ್ಚಿದ ಮೇಲೆ ಹಳೆಯ ಆವೃತ್ತಿಯ ಸಂಖ್ಯೆಯೇ ಕಾಣುತ್ತದೆ. ಸಾಧನ ಕೆಟ್ಟಿದೆಯೇ? ತಯಾರಕರಿಗೆ ವಾಪಸ್ ಕಳಿಸಲೇ?

ಸ್ಟ್ರಾಟಕ್ಸ್ (ನಾವೇ ಜೋಡಿಸಿಕೊಳ್ಳಬಹುದಾದ ಎಡಿಎಸ್-ಬಿ ರಿಸೀವರ್) ಬಳಸುವವರು:
ಸದ್ಯಕ್ಕೆ ಕಳಿಸಬೇಡಿ. ನೀವು ಹೇಳುತ್ತಿರುವುದು ಒಂದು ತೊಂದರೆಯಲ್ಲ, ಎರಡು. ಅವನ್ನು ಬೇರೆ ಮಾಡಿ ನೋಡದೆ ಅದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಿದ್ದರೆ ಏನೂ ತಿಳಿಯುವುದಿಲ್ಲ.

ಮೊದಲನೆಯದು, ಅರ್ಧಕ್ಕೆ ನಿಲ್ಲುವುದು. ಇದರಲ್ಲಿ ನನ್ನ ಅನುಮಾನ ಸಾಧನಕ್ಕಿಂತ ಫೋನಿನ ಮೇಲೆ. ಸಾಧನದ ವೈಫೈಯಲ್ಲಿ ಅಂತರಜಾಲ ಇರುವುದಿಲ್ಲ. ಅದನ್ನು ಗಮನಿಸಿದ ಫೋನು ನಿಮಗೆ ಹೇಳದೆ ಕೇಳದೆ ಮೊಬೈಲ್ ಡೇಟಾಕ್ಕೆ ಜಾರಿಕೊಳ್ಳುತ್ತದೆ. ಸ್ಟ್ರಾಟಕ್ಸ್‌ನ ಸೆಟ್ಟಿಂಗ್ ಪುಟ ಅದರದೇ ವೈಫೈಯೊಳಗೆ 192.168.10.1 ಎಂಬ ವಿಳಾಸದಲ್ಲಿದೆ; ಮೊಬೈಲ್ ಡೇಟಾದ ಮೂಲಕ ಆ ವಿಳಾಸ ಹುಡುಕಿದರೆ ಸಿಗುವುದಾದರೂ ಹೇಗೆ? ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಒಂದನ್ನೇ ಹಚ್ಚಿ. ವಿಪಿಎನ್ ಇದ್ದರೆ ತೆಗೆಯಿರಿ. ಆಪ್ ಮೂಲಕ ಮಾಡುವುದಾದರೆ ಐಫೋನ್, ಐಪ್ಯಾಡ್‌ಗಳಲ್ಲಿ ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೊಟ್ಟಿದ್ದೀರಾ ನೋಡಿ. ಲ್ಯಾಪ್‌ಟಾಪ್ ಇದ್ದರೆ ಈ ತಲೆನೋವೇ ಕಡಿಮೆ.

ಎರಡನೆಯದು, ಎಲ್ಲ ಮುಗಿದ ಮೇಲೂ ಹಳೆಯ ಸಂಖ್ಯೆ ಕಾಣುವುದು. ಬ್ರೌಸರ್ ತಾನು ಮೊದಲೇ ಉಳಿಸಿಟ್ಟುಕೊಂಡ ಪುಟವನ್ನೇ ತೋರಿಸುತ್ತಿರಬಹುದು. ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ (ಇನ್‌ಕಾಗ್ನಿಟೊ) ತೆರೆದು ನೋಡಿ. ಅಲ್ಲೂ ಹಳೆಯದೇ ಇದ್ದು, ನಿಮ್ಮದು ಮೆಮೊರಿ ಕಾರ್ಡ್ ಇರುವ ಸಾಧನವಾಗಿದ್ದರೆ ಕಾರ್ಡ್ ಸವೆದಿದೆಯೆಂದು ಶಂಕಿಸಿ. ಸವೆದ ಕಾರ್ಡ್ ಬರೆದಂತೆ ನಟಿಸುತ್ತದೆ, ವಿದ್ಯುತ್ ತೆಗೆದು ಹಾಕಿದರೆ ಹಿಂದಿನ ಸ್ಥಿತಿಗೇ ಮರಳುತ್ತದೆ. ಆಗ ಹೊಸ ಕಾರ್ಡ್‌ಗೆ ಪೂರ್ತಿ ಇಮೇಜ್ (ತಂತ್ರಾಂಶದ ಇಡೀ ಪ್ರತಿ) ಬರೆಯುವುದೇ ಸರಿ.

ಇನ್ನೊಬ್ಬರು:
ಎಲ್ಲದಕ್ಕೂ ವೈಫೈಯನ್ನು ದೂರುವುದು ಈಗ ವಾಡಿಕೆಯಾಗಿದೆ. ನಾನು ಮೊದಲು ಕೇಬಲ್ ಬದಲಿಸುತ್ತೇನೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಆಧಾರಿತ ಸಾಧನಕ್ಕೆ ಬೇಕಾದದ್ದು 5 ವೋಲ್ಟ್, ಸುಮಾರು 4.63ಕ್ಕಿಂತ ಕೆಳಗಿಳಿದರೆ ಅದು ಕಡಿಮೆ ವೋಲ್ಟೇಜ್ ಎಂದು ಗುರುತಿಸುತ್ತದೆ. ತೆಳ್ಳನೆಯ ಉದ್ದ ಕೇಬಲ್‌ನಲ್ಲೇ ಅಷ್ಟು ವೋಲ್ಟೇಜ್ ಸೋರಿಹೋಗಬಹುದು. ಬೋರ್ಡ್‌ನ ಕೆಂಪು ದೀಪ ಆರಿ ಹತ್ತುತ್ತಿದ್ದರೆ ಬೇರೆ ಸಾಕ್ಷಿ ಬೇಡ. ಗಿಡ್ಡ ಕೇಬಲ್, ಗೋಡೆಯ ಚಾರ್ಜರ್ ಬಳಸಿ. ಬ್ಯಾಟರಿ ಒಳಗೇ ಇರುವ ಸಾಧನವಾದರೆ ಪೂರ್ತಿ ಚಾರ್ಜ್ ಮಾಡಿಕೊಂಡೇ ಶುರುಮಾಡಿ. ಬರವಣಿಗೆ ನಡೆಯುವಾಗ ಪರದೆ ಸತ್ತಂತೆ ಕಂಡರೂ ವಿದ್ಯುತ್ ಕಡಿಯಬೇಡಿ.

ಗ್ಲೈಡರ್ ಹಾರಿಸುವವರು:
ಫೈಲನ್ನೇ ಯಾರೂ ಕೇಳಲಿಲ್ಲವಲ್ಲ! ಎರಡನೆಯ ಸಲ ಇಳಿಸಿಕೊಂಡರೆ ಹೆಸರಿನ ಕೊನೆಗೆ ಆವರಣದಲ್ಲಿ 1 ಅಂಟಿಕೊಳ್ಳುತ್ತದೆ. ಹೆಸರು ನೋಡಿಯೇ ಒಪ್ಪಿಕೊಳ್ಳುವ ಸಾಧನ ಅದನ್ನು ಮೂಸಿಯೂ ನೋಡುವುದಿಲ್ಲ. ಕೆಲವು ಬ್ರೌಸರ್‌ಗಳು ಜಿಪ್ ಫೈಲನ್ನು ತಾವಾಗಿಯೇ ಬಿಚ್ಚಿಡುತ್ತವೆ. ತಯಾರಕರು ಎಸ್‌ಎಚ್‌ಎ-256 ಮೊತ್ತ (ಫೈಲ್ ಕೆಟ್ಟಿಲ್ಲವೆಂದು ತಿಳಿಸುವ ಗುರುತು ಸಂಖ್ಯೆ) ಕೊಟ್ಟಿದ್ದರೆ ಹೋಲಿಸಿ, ಇಲ್ಲದಿದ್ದರೆ ಗಾತ್ರವನ್ನಾದರೂ ನೋಡಿ. ನಿಮ್ಮ ಹಾರ್ಡ್‌ವೇರ್ ಪೀಳಿಗೆಗೆ ಇದೇ ಫೈಲ್ ಹೌದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ.

ನಮ್ಮ ಪವರ್‌ಫ್ಲಾರ್ಮ್‌ಗೆ (ಡಿಕ್ಕಿಯ ಎಚ್ಚರಿಕೆ ಕೊಡುವ ಫ್ಲಾರ್ಮ್ ಸಾಧನ) ಪೆನ್‌ಡ್ರೈವ್ ಬೇಕು. ಅದನ್ನು ಎಫ್‌ಎಟಿ32 ಎಂಬ ವಿಧದಲ್ಲಿ ಫಾರ್ಮ್ಯಾಟ್ ಮಾಡಿರಬೇಕು, ಫೈಲ್ ಯಾವ ಫೋಲ್ಡರಿನಲ್ಲೂ ಇರದೆ ಹೊರಗೇ ಇರಬೇಕು. ದೊಡ್ಡ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಎಂಬ ಬೇರೆ ವಿಧದಲ್ಲಿ ಬರುವುದರಿಂದ ಹಳೆಯ ಚಿಕ್ಕದೊಂದನ್ನು ಇದಕ್ಕೆಂದೇ ಎತ್ತಿಟ್ಟಿದ್ದೇನೆ. ಫ್ಲಾರ್ಮ್‌ನ ಫರ್ಮ್‌ವೇರ್‌ಗೆ ಅವಧಿ ಮುಗಿಯುವ ದಿನಾಂಕವಿದೆ, ಹಾಗಾಗಿ ಹಳೆಯದರಲ್ಲೇ ಕಾಲ ತಳ್ಳೋಣ ಎನ್ನುವಂತಿಲ್ಲ. ಆದರೂ ಹಾರುವ ದಿನ ಬೆಳಿಗ್ಗೆ ಈ ಕೆಲಸಕ್ಕೆ ಕೈಹಾಕುವವರನ್ನು ಕಂಡರೆ ನನಗೆ ಅರ್ಥವಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಏರೋಪ್ಲೇನ್ ಮೋಡ್ ಹಾಕಿದ ಮೇಲೆ ಫೈಲ್ ಒಮ್ಮೆಗೇ ಪೂರ್ತಿ ಏರಿತು. ಸಂಖ್ಯೆ ಮಾತ್ರ ಹಳೆಯದೇ ಇತ್ತು; ಖಾಸಗಿ ಕಿಟಕಿಯಲ್ಲಿ ನೋಡಿದರೆ ಹೊಸದು! ಆದರೆ ಈಗ ಹೊಸ ವಿಚಿತ್ರ. ಸಣ್ಣ ಹಾರಾಟಕ್ಕೆ ಹೋಗಿದ್ದಾಗ ನನ್ನ ಎತ್ತರದಲ್ಲೇ, ನನಗೆ ಅಂಟಿಕೊಂಡಂತೆ ಇನ್ನೊಂದು ವಿಮಾನ ನಕ್ಷೆಯಲ್ಲಿ ಬರುತ್ತಿತ್ತು. ಹೊರಗೆ ನೋಡಿದರೆ ಯಾರೂ ಇಲ್ಲ.

ತರಬೇತುದಾರರೊಬ್ಬರು:
ಅದು ನೀವೇ. ನಿಮ್ಮ ವಿಮಾನದ ಟ್ರಾನ್ಸ್‌ಪಾಂಡರ್ (ವಿಮಾನದ ಗುರುತನ್ನು ರೇಡಿಯೊದಲ್ಲಿ ತಿಳಿಸುವ ಉಪಕರಣ) ಎಡಿಎಸ್-ಬಿ ಸಂಕೇತ ಕಳಿಸುತ್ತಿದ್ದರೆ, ಸಾಧನ ಅದನ್ನೂ ಹಿಡಿಯುತ್ತದೆ. ಸೆಟ್ಟಿಂಗ್‌ನಲ್ಲಿರುವ ವಿಮಾನದ ವಿಳಾಸ ನೋಡಿ ‘ಇದು ನಾವೇ’ ಎಂದು ಬದಿಗಿಡುತ್ತದೆ. ಅಪ್‌ಡೇಟ್‌ನಲ್ಲಿ ಆ ಸೆಟ್ಟಿಂಗ್ ಅಳಿಸಿಹೋಗಿರಬೇಕು. ನೋಂದಣಿಯೊಂದಿಗೆ ಸಿಕ್ಕ 24 ಬಿಟ್‌ಗಳ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ವಿಳಾಸವನ್ನು, ಅಂದರೆ ಆರು ಹೆಕ್ಸಾಡೆಸಿಮಲ್ ಅಂಕಿಗಳನ್ನು (0ರಿಂದ 9, Aಯಿಂದ F), ಮತ್ತೆ ತುಂಬಿ. ನಿಮ್ಮ ಸಾಧನ ಸ್ವತಃ ಸಂಕೇತ ಕಳಿಸುವಂಥದ್ದಾದರೆ ಇನ್ನೂ ಎಚ್ಚರ: ತಪ್ಪು ವಿಳಾಸದಲ್ಲಿ ನೀವು ಬೇರೆಯವರ ನಕ್ಷೆಯಲ್ಲೂ ಬೇರೆ ವಿಮಾನವಾಗಿ ಕಾಣುತ್ತೀರಿ.

ಹಾಗೆಯೇ ಎಡಿಎಸ್-ಬಿ ಸಂಕೇತ ಬರುವ 1090 ಮೆಗಾಹರ್ಟ್ಸ್ ತರಂಗಾಂತರದ ಆಯ್ಕೆ ಆನ್ ಇದೆಯೇ ನೋಡಿ. 978 ಮೆಗಾಹರ್ಟ್ಸ್ ಅಮೆರಿಕದ ವ್ಯವಸ್ಥೆ, ಬೇರೆ ಕಡೆ ಅದೊಂದನ್ನೇ ನೆಚ್ಚಿದರೆ ಖಾಲಿ ನಕ್ಷೆ ಸಿಗುತ್ತದೆ. ವಿಳಾಸ, ಈ ಆಯ್ಕೆ ಎರಡನ್ನೂ ನೆಲದ ಮೇಲೆ, ಬಯಲಿನಲ್ಲಿ, ಜಿಪಿಎಸ್ ಸ್ಥಾನ ಹಿಡಿದ ಮೇಲೆ ಪರೀಕ್ಷಿಸಿ. ವಿಳಾಸ ತುಂಬಿದ ಬಳಿಕವೂ ಆ ನೆರಳು ಬಂದರೆ, ಟ್ಯಾಬ್ಲೆಟ್‌ನ ನಕ್ಷೆಯ ಆಪ್‌ನಲ್ಲೂ ಸ್ವಂತ ವಿಮಾನದ ವಿಳಾಸಕ್ಕೆ ಒಂದು ಜಾಗ ಇದೆಯೇ ಹುಡುಕಿ. ಇದ್ದರೆ ಅಲ್ಲೂ ಅದೇ ಅಂಕಿಗಳನ್ನು ಹಾಕಿ.