ಸಂಘದ ಹೆಣ್ಮಕ್ಕಳ ಮುಂದೆ ನಾಯಕತ್ವದ ಭಾಷಣ: ಚಪ್ಪಾಳೆ ಬೀಳುತ್ತೆ, ಯಾರೂ ಮುಂದೆ ಬರಲ್ಲ, ಏನ್ ಮಾಡೋದು?

ಹೊಳೆದಂಡೆ ಹುಡುಗಿ (ಹರಿಹರ)

ಎಲ್ಲರಿಗೂ ನಮಸ್ಕಾರ. ನಾನು ಹರಿಹರ ತಾಲ್ಲೂಕಿನ ಒಂದು ಪಂಚಾಯ್ತಿ ಮಟ್ಟದ ಮಹಿಳಾ ಒಕ್ಕೂಟದಲ್ಲಿ, ಅಂದ್ರೆ ಊರಿನ ಹೆಣ್ಮಕ್ಕಳ ಸ್ವಸಹಾಯ ಸಂಘಗಳೆಲ್ಲ ಸೇರಿರೋ ಕೂಟದಲ್ಲಿ, ಲೆಕ್ಕದ ಪುಸ್ತಕ ಬರೆಯೋ ಕೆಲಸ ಮಾಡ್ತೀನಿ. ಮುಂದಿನ ತಿಂಗಳು ನಮ್ದು ಮಹಾಸಭೆ ಐತೆ, ಹೊಸ ಪದಾಧಿಕಾರಿಗಳ ಆಯ್ಕೆನೂ ಅವತ್ತೇ. ಪ್ರತಿ ಸಲ ಅಧ್ಯಕ್ಷೆ ಯಾರಾಗ್ತೀರಿ ಅಂತ ಕೇಳಿದ ತಕ್ಷಣ ಎಲ್ಲರೂ ತಲೆ ತಗ್ಗಿಸಿ ಕೂತುಬಿಡ್ತಾರೆ, "ನಮಗ್ಯಾಕವ್ವ ಅದೆಲ್ಲ, ಓದಿದೋರು ಆಗ್ಲಿ" ಅಂತಾರೆ, ಕೊನೆಗೆ ಹಳಬರೇ ಮುಂದುವರೀತಾರೆ, ಅವರಿಗೂ ಸಾಕಾಗಿದೆ ಪಾಪ.

ಹೋದ ವರ್ಷ ಹೊರಗಿಂದ ಒಬ್ರು ಟ್ರೈನರ್ ಬಂದು ನಾಯಕತ್ವದ ಬಗ್ಗೆ ಮಾತಾಡಿದ್ರು. ಓಬವ್ವನ ಕಥೆ ಹೇಳಿದ್ರು, ದನಿ ಏರಿಸಿ ಇಳಿಸಿ ಬಹಳ ಚೆನ್ನಾಗೇ ಹೇಳಿದ್ರು, ಹಾಲ್ ತುಂಬ ಚಪ್ಪಾಳೆ, ಕೆಲವರ ಕಣ್ಣಲ್ಲಿ ನೀರು. ಅದಾದ ಮೇಲೆ ಆಯ್ಕೆ ಶುರುವಾಯ್ತು, ಒಬ್ರೂ ಕೈ ಎತ್ಲಿಲ್ಲ. ಈ ಸಲ ಹತ್ತು ನಿಮಿಷ ನನಗೆ ಮಾತಾಡು ಅಂದಿದ್ದಾರೆ. ಯೂಟ್ಯೂಬಲ್ಲಿ ನೋಡಿದ್ರೆ ಕಥೆ ಹೇಳಿ, ಒಂದೇ ಮಾತು ಮೂರು ಸಲ ಹೇಳಿ, ಪ್ರಶ್ನೆ ಕೇಳಿ ಸುಮ್ನಿರಿ ಅಂತೆಲ್ಲ ತಂತ್ರ ಹೇಳ್ತಾರೆ. ಇದ್ರಲ್ಲಿ ಯಾವುದು ನಿಜಕ್ಕೂ ಜನರನ್ನ ಎದ್ದು ನಿಲ್ಲಿಸುತ್ತೆ, ಯಾವುದು ಬರೀ ಚಪ್ಪಾಳೆಗೆ? ತಿಳಿದೋರು ಹೇಳ್ರಿ.

ಕೋಟೆ ಮೇಷ್ಟ್ರು (ಚಿತ್ರದುರ್ಗ)

ತಂಗಿ, ನಾನು ದುರ್ಗದೋನು, ಓಬವ್ವನ ಕಥೆ ಕೇಳ್ಕೊಂಡೇ ಬೆಳೆದೋನು, ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೆ ಬರೀತೀನಿ.

ಗಂಡ ಊಟಕ್ಕೆ ಕೂತಿದ್ದಾನೆ, ನೀರು ತರೋಕೆ ಹೋದವಳಿಗೆ ಕಿಂಡಿಯೊಳಗಿಂದ ಹೈದರಾಲಿಯ ಸೈನಿಕರು ನುಸುಳಿ ಬರೋದು ಕಾಣುತ್ತೆ, ಕೈಗೆ ಸಿಕ್ಕಿದ್ದು ಒನಕೆ. ಕಥೆ ಹೇಳೋರು ಬಹಳ ಜನ ಅಲ್ಲಿಂದ ಮುಂದಿನ ರಕ್ತ, ಹೆಣದ ರಾಶಿ, ಅದಕ್ಕೇ ಒತ್ತು ಕೊಡ್ತಾರೆ, ಮೈ ಜುಮ್ ಅನ್ನೋದು ಅಲ್ಲೇ. ಆದ್ರೆ ಕೇಳ್ತಾ ಕೂತ ಹೆಣ್ಮಗಳು ಏನಂದ್ಕೊಳ್ತಾಳೆ? "ಅವಳು ಓಬವ್ವ, ನಾನೆಲ್ಲಿ." ಕಥೆ ದೊಡ್ಡದಾದಷ್ಟೂ ಕೇಳೋಳು ಸಣ್ಣೋಳಾಗ್ತಾ ಹೋಗ್ತಾಳೆ, ನಿಮ್ಮ ಹಾಲ್‌ನಲ್ಲಿ ಆಗಿದ್ದು ಇದೇ ಅಂತ ನನಗನ್ಸುತ್ತೆ. ಅದೇ ಕಥೆಯನ್ನ ಇನ್ನೊಂದು ತುದಿಯಿಂದ ಹಿಡೀರಿ: ಅವಳು ಕಾವಲುಗಾರನ ಹೆಂಡ್ತಿ, ಯಾವ ಹುದ್ದೆನೂ ಇರ್ಲಿಲ್ಲ, ಯಾರೂ ಅವಳನ್ನ ಸೈನ್ಯಕ್ಕೆ ಸೇರಿಸ್ಕೊಂಡಿರ್ಲಿಲ್ಲ, ದಿನಾ ಹಿಡಿಯೋ ಒನಕೆಯನ್ನೇ ಅವತ್ತೂ ಹಿಡಿದಳು. ಈಗ ಅವಳು ನಿಮ್ಮ ಸಂಘದಲ್ಲಿ ಕೂತ ಹೆಣ್ಮಗಳಿಗೆ ಹತ್ತಿರ ಬಂದ್ಲು ನೋಡ್ರಿ.

ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ಹೇಳಿಟ್ಟಿದ್ದಾನೆ, ಮಾತು ಒಪ್ಪಿಸೋಕೆ ಮೂರು ದಾರಿ: ಹೇಳೋರ ಮೇಲಿನ ನಂಬಿಕೆ, ಕೇಳೋರ ಭಾವನೆ, ಮಾತಿನೊಳಗಿನ ತರ್ಕ. ಹೋದ ವರ್ಷ ಭಾವನೆ ಬೇಕಾದಷ್ಟಿತ್ತು, ಆದ್ರೆ ಹೇಳಿದೋರು ಹೊರಗಿನೋರು, ಅವರ ಸಂಕಟ ಸಭೆಗೆ ಗೊತ್ತಿಲ್ಲ, ಸಭೆಯ ಸಂಕಟ ಅವರಿಗೆ ಗೊತ್ತಿಲ್ಲ. ನೀವು ಅವರ ಲೆಕ್ಕ ಬರೆಯೋ ಹುಡುಗಿ. ಆ ನಂಬಿಕೆ ಯಾವ ಟ್ರೈನರ್ ತಂದ್ರೂ ಬರಲ್ಲ.

ಇನ್ನೊಂದು, ನನಗೆ ಇದೇ ಮುಖ್ಯ ಅನ್ಸುತ್ತೆ. ಆಲ್ಬರ್ಟ್ ಬಂಡೂರ ಅಂತ ಮನಶ್ಶಾಸ್ತ್ರಜ್ಞ 1977ರಲ್ಲಿ ಬರೆದಿದ್ದು, "ಇದು ನನ್ನ ಕೈಲಾಗುತ್ತೆ" ಅನ್ನೋ ನಂಬಿಕೆ ಮನುಷ್ಯನಿಗೆ ನಾಲ್ಕು ಕಡೆಯಿಂದ ಬರುತ್ತೆ ಅಂತ. ಎಲ್ಲಕ್ಕಿಂತ ಗಟ್ಟಿ ತಾನೇ ಮಾಡಿ ಗೆದ್ದಿದ್ದು, ಆಮೇಲೆ ತನ್ನಂಥೋರು ಮಾಡಿದ್ದನ್ನ ಕಣ್ಣಾರೆ ನೋಡಿದ್ದು, ಮೂರನೇದು ಬೇರೆಯವರ ಪ್ರೋತ್ಸಾಹದ ಮಾತು, ನಾಲ್ಕನೇದು ಆ ಹೊತ್ತಿನಲ್ಲಿ ಮೈ ಮನಸ್ಸು ಇರೋ ಸ್ಥಿತಿ. "ನಿಮ್ಮ ಕೈಲಾಗುತ್ತೆ" ಅನ್ನೋ ಬರೀ ಭಾಷಣ ಮೂರನೇದು, ಅಂದ್ರೆ ಮೊದಲೆರಡರಷ್ಟು ಗಟ್ಟಿ ಅಲ್ಲ. ಹಾಗಾದ್ರೆ ಭಾಷಣ ಬೇಡ್ವಾ? ಬೇಕು, ಆದ್ರೆ ಅದು ಮೊದಲನೇದನ್ನ ನೆನಪಿಸ್ಬೇಕು. ವಾರ ವಾರ ಸಭೆ ಮಾಡಿದೋರು ಯಾರು? ಉಳಿತಾಯ ಕಟ್ಟಿದೋರು ಯಾರು? ಒಬ್ಬಳಿಗೆ ಆಸ್ಪತ್ರೆ ಖರ್ಚು ಬಂದಾಗ ಸಂಘದ ದುಡ್ಡಲ್ಲಿ ಸಾಲ ಕೊಡೋಣ ಅಂತ ತೀರ್ಮಾನ ಮಾಡಿದೋರು ಯಾರು? ನಿಮ್ಮ ಪಂಚಸೂತ್ರ ಅಂತೀರಲ್ಲ, ಸಭೆ, ಉಳಿತಾಯ, ಒಳಗೇ ಸಾಲ, ಸರಿಯಾಗಿ ಮರುಪಾವತಿ, ಪುಸ್ತಕ ಬರೆಯೋದು ಅನ್ನೋ ಐದು ನಿಯಮ, ಅದೆಲ್ಲ ನಾಯಕತ್ವವೇ. ಅವರು ಈಗಾಗ್ಲೇ ಮಾಡಿದ್ದನ್ನ ಹೆಸರು ಹಿಡಿದು ಅವರ ಮುಂದಿಡಿ. ನಿಮ್ಮ ಕೈಲಿ ಪುಸ್ತಕಾನೇ ಐತಲ್ಲ, ತೆಗೆದು ಓದಿ.

ಮಂಡಿಪೇಟೆ (ದಾವಣಗೆರೆ)

ಮೇಷ್ಟ್ರು ಹೇಳಿದ್ದೆಲ್ಲ ಸರಿ ಆದ್ರೆ ಮಾತಿನ ಲಯಾನ ಪಕ್ಕಕ್ಕೆ ಸರಿಸೋದನ್ನ ನಾನು ಒಪ್ಪಲ್ಲ. ಹತ್ತು ನಿಮಿಷ ಕಿವಿಗೆ ಹಿಡಿಸದೆ ಇದ್ರೆ ಮನಸ್ಸಿಗೆ ಇಳಿಯೋದು ಹೆಂಗೆ? ನಮ್ಮ ಬಸವಣ್ಣನವರ "ನುಡಿದರೆ ಮುತ್ತಿನ ಹಾರದಂತಿರಬೇಕು" ನೋಡ್ರಿ, ಸಾಲು ಸಾಲಿಗೂ "ನುಡಿದರೆ" "ನುಡಿದರೆ" ಅಂತ ಬಂದು ಬಂದು, ಕೊನೆಗೆ ನುಡಿದಂತೆ ನಡೆಯದಿದ್ರೆ ದೇವರು ಹೆಂಗೆ ಒಲೀತಾನೆ ಅಂತ ತಿರುಗಿ ನಿಲ್ಲುತ್ತೆ. ಒಂದೇ ಪದ ಮತ್ತೆ ಮತ್ತೆ ಬಂದು ಕೇಳೋರ ಮನಸ್ಸು ಒಂದು ಹೆಜ್ಜೆಗೆ ಹೊಂದ್ಕೊಂಡ ಮೇಲೆ ಹೆಜ್ಜೆ ಬದಲಾಯ್ಸಿದ್ರೆ ಆ ಕೊನೆ ಮಾತು ಎದೆಗೆ ತಾಗುತ್ತೆ. ಬರೆಯೋಕೆ ಬರದೇ ಇದ್ದೋರ ಬಾಯಲ್ಲೂ ವಚನ ಉಳಿದಿದ್ದು ಇದೇ ಕಾರಣಕ್ಕೆ ಅಂತ ನನ್ನ ನಂಬಿಕೆ.

1963ರ ಆಗಸ್ಟ್ 28ಕ್ಕೆ ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ್ದು ಎಲ್ಲರಿಗೂ ಗೊತ್ತು, "ನನಗೊಂದು ಕನಸಿದೆ" ಅನ್ನೋದು. ಆ ಕನಸಿನ ಭಾಗ ಅವರು ಅವತ್ತಿಗೆ ಬರೆದು ತಂದಿದ್ದ ಪ್ರತಿಯಲ್ಲಿ ಇರ್ಲಿಲ್ಲ, ಗಾಯಕಿ ಮಹಾಲಿಯಾ ಜಾಕ್ಸನ್ ಹಿಂದಿನಿಂದ "ಕನಸಿನ ಬಗ್ಗೆ ಹೇಳು" ಅಂತ ಕೂಗಿದ್ರು ಅಂತಾರೆ. ಆದ್ರೆ ಎಲ್ಲರೂ ಬಿಟ್ಟುಬಿಡೋ ಭಾಗ ಒಂದೈತೆ, ಕನಸಿಗಿಂತ ಸ್ವಲ್ಪ ಮುಂಚೆ ಅವರು ಮಿಸಿಸಿಪ್ಪಿಗೆ ವಾಪಸ್ ಹೋಗಿ, ಅಲಬಾಮಾಕ್ಕೆ ವಾಪಸ್ ಹೋಗಿ, ಜಾರ್ಜಿಯಾಕ್ಕೆ ವಾಪಸ್ ಹೋಗಿ ಅಂತ ರಾಜ್ಯ ರಾಜ್ಯದ ಹೆಸರು ಹಿಡಿದು ಹೇಳ್ತಾರೆ. ತನ್ನ ನಾಡಿನ ಹೆಸರು ಬಂದ ಕೂಡ್ಲೇ ಕೂತೋನು ನೆಟ್ಟಗಾಗ್ತಾನೆ, ಇದು ನನಗೇ ಹೇಳಿದ್ದು ಅಂತ. ನೀವೂ ಒಂದೊಂದು ಸಂಘದ ಹೆಸರು ಹಿಡಿದು ಕರೀರಿ ತಂಗಿ, ಅದ್ರಲ್ಲಿ ಲಯನೂ ಬಂತು, ಮೇಷ್ಟ್ರು ಹೇಳಿದ ನೆನಪಿಸೋದೂ ಬಂತು.

ಸಮಯದ ಬಗ್ಗೆ: 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತಾಡಿದ ಮೇಲೆ ಅಧ್ಯಕ್ಷ ಲಿಂಕನ್ ಎದ್ದು ಎರಡು ಮೂರು ನಿಮಿಷದಲ್ಲಿ ಮುಗಿಸಿದ್ರು, ಉಳಿದಿದ್ದು ಲಿಂಕನ್ ಮಾತು. ಹತ್ತು ನಿಮಿಷ ಕೊಟ್ರೆ ಆರು ಸಾಕು.

ಜಗಳೂರು ಸೀಮೆ ಅಕ್ಕ

ನಾನು ಸಂಘದಲ್ಲಿ ಪ್ರತಿನಿಧಿ ಆಗಿದ್ದೋಳು, ಹೆಣ್ಮಕ್ಕಳ ಕಡೆಯಿಂದ ಹೇಳ್ತೀನಿ. ತಲೆ ತಗ್ಗಿಸೋದು ಧೈರ್ಯ ಇಲ್ಲ ಅಂತಲ್ಲಮ್ಮ. ಬ್ಯಾಂಕಿಗೆ ಹೋಗಿ ಮ್ಯಾನೇಜರ್ ಮುಂದೆ ಏನ್ ಮಾತಾಡ್ಲಿ, ಕಟಾವಿನ ಟೈಮಲ್ಲಿ ಕೂಲಿ ಬಿಟ್ಟು ಮೀಟಿಂಗಿಗೆ ಹೋದ್ರೆ ಅವತ್ತಿನ ದುಡ್ಡು ಯಾರ್ ಕೊಡ್ತಾರೆ, ಸಂಜೆ ತಡ ಆದ್ರೆ ಮನೇಲಿ ಅತ್ತೆ ಏನಂತಾರೆ, ಯಾರಾದ್ರೂ ಸಾಲ ಕಟ್ಟದಿದ್ರೆ ನನ್ ಮೇಲೆ ಬರುತ್ತಾ, ಇಂಥವು ಒಂದೊಂದೂ ತಲೇಲಿ ಓಡ್ತಿರ್ತವೆ. ಭಾಷಣ ಮಾಡೋರು ಇದ್ರಲ್ಲಿ ಒಂದನ್ನೂ ಬಾಯಿ ಬಿಟ್ಟು ಹೇಳಲ್ಲ, ಹೇಳಿದ್ರೆ ಹೆದರ್ಕೊಂಡಾರು ಅಂತ. ನೀನು ಹೇಳು. ಮೊದಲೇ ಅದನ್ನೇ ಹೇಳು, ಪ್ರತಿಯೊಂದಕ್ಕೂ ಇರೋ ಉತ್ತರ ಹೇಳು, ಉತ್ತರ ಇಲ್ಲದ್ದಕ್ಕೆ ಇಲ್ಲ ಅಂತಲೇ ಹೇಳು. ನನ್ನ ಕಷ್ಟ ಈ ಹುಡುಗಿಗೆ ಗೊತ್ತೈತೆ ಅಂತ ಅನ್ನಿಸಿದ್ರೆ ಮಾತ್ರ ಮುಂದಿನ ಮಾತು ಕಿವಿಗೆ ಬೀಳುತ್ತೆ.

ಆಮೇಲೆ ಅವತ್ತೇ ಅಧ್ಯಕ್ಷೆ ಆಗಿ ಅಂತ ಕೇಳೋದು ಒಮ್ಮೆಗೇ ಬಹಳ ಆಯ್ತು. ಸಮಾಜ ಕಾರ್ಯ ಓದುವಾಗ ನಮಗೆ ಒಂದು ಪಾಠ ಇತ್ತು, 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫ್ರೀಡ್‌ಮನ್, ಫ್ರೇಸರ್ ಅನ್ನೋ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗ. ಮನೆ ಮುಂದೆ "ಹುಷಾರಾಗಿ ಗಾಡಿ ಓಡ್ಸಿ" ಅಂತ ದೊಡ್ಡ ಬೋರ್ಡ್ ಹಾಕ್ಲಾ ಅಂತ ನೇರ ಕೇಳಿದ್ರೆ ನೂರಕ್ಕೆ 17 ಜನ ಒಪ್ಪಿದ್ರು, ಮೊದಲು ಅದೇ ವಿಷಯದ ಸಣ್ಣ ಸ್ಟಿಕ್ಕರ್‌ನಷ್ಟು ಬೋರ್ಡ್‌ಗೆ ಒಪ್ಪಿದ್ದೋರನ್ನ ಎರಡು ವಾರ ಬಿಟ್ಟು ಕೇಳಿದಾಗ 76 ಜನ. ನೀನೂ ಮಹಾಸಭೆಗಿಂತ ಮುಂಚೆ ಬರೋ ವಾರದ ಸಭೆಗಳಲ್ಲಿ ಒಬ್ಬೊಬ್ಬರಿಗೆ ಹಾಜರಿ ಕೂಗೋದು, ಇನ್ನೊಬ್ಬರಿಗೆ ಹಿಂದಿನ ನಡಾವಳಿ ಓದಿಸೋದು ಮಾಡು. ಓದೋಕೆ ಬರದೋರಿಗೆ ದುಡ್ಡು ಎಣಿಸೋದು ಕೊಡು.

ಒಂದೇ ಒಂದು ಬೇಡ ಅಂತೀನಿ: "ಯಾರ್ ಯಾರಿಗೆ ಸಂಘದ ಮೇಲೆ ಪ್ರೀತಿ ಐತೆ ಕೈ ಎತ್ರಿ" ಅಂತ ಎತ್ತಿಸಿ "ಹಂಗಾದ್ರೆ ನೀವೇ ಆಗ್ರಿ" ಅಂತ ಹಿಡಿಯೋದು. ನಾಚಿಕೆಗೆ ಒಪ್ಕೊಂಡೋಳು ಎರಡನೇ ಮೀಟಿಂಗಿಗೆ ಬರಲ್ಲ, ಮೇಲಾಗಿ ಅದು ಅನ್ಯಾಯ. ಸಣ್ಣ ಕೆಲಸ ಕೊಡೋವಾಗ್ಲೂ ಯಾಕೆ ಕೊಡ್ತಿದ್ದೀನಿ ಅಂತ ಹೇಳೇ ಕೊಡು.

ಹೊಳೆದಂಡೆ ಹುಡುಗಿ (ಹರಿಹರ)

ಅಕ್ಕಾ, ಮೇಷ್ಟ್ರೇ, ಅಣ್ಣಾ, ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಬರ್ಕೊಂಡಿದ್ದೀನಿ ನೋಡ್ರಿ, ಶುರು ಮಾತ್ರ:

"ಅಧ್ಯಕ್ಷೆ ಆದ್ರೆ ಬ್ಯಾಂಕಿಗೆ ಹೋಗ್ಬೇಕು, ಕೂಲಿ ತಪ್ಪುತ್ತೆ, ಮನೇಲಿ ಮಾತು ಬರುತ್ತೆ. ಇದು ನನಗೂ ಗೊತ್ತು. ಬ್ಯಾಂಕಿಗೆ ಮೊದಲ ಮೂರು ತಿಂಗಳು ಹಳೇ ಅಧ್ಯಕ್ಷೆ ಜೊತೆಗೆ ಬರ್ತಾರೆ, ಕೇಳಿದ್ದೀನಿ, ಒಪ್ಪಿದ್ದಾರೆ. ಕೂಲಿಗೆ ಉತ್ತರ ನನ್ನ ಹತ್ರ ಇಲ್ಲ, ಅದನ್ನ ಇವತ್ತು ನಾವೆಲ್ಲ ಕೂತು ತೀರ್ಮಾನ ಮಾಡೋಣ. ಈಗ ಈ ಪುಸ್ತಕದಲ್ಲಿ ಏನಿದೆ ಓದ್ತೀನಿ."

ಆಮೇಲೆ ಸಂಘ ಸಂಘದ ಹೆಸರು ಹಿಡಿದು ಅವರು ಮಾಡಿದ್ದು ಓದೋದು. ಒಬ್ಬ ಅಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದೋರು ಈಗ ಸಹಿ ಮಾಡ್ತಾರೆ, ಅವರ ಕಥೆ ಹೇಳ್ಬಹುದಾ? ಕೊನೆಗೆ ಹೆಂಗೆ ಮುಗಿಸ್ಲಿ?

ಕೋಟೆ ಮೇಷ್ಟ್ರು (ಚಿತ್ರದುರ್ಗ)

ಅಜ್ಜಿ ಹತ್ರ ಮೊದಲೇ ಕೇಳ್ಕೊಳ್ರಿ, ಒಪ್ಪಿದ್ರೆ ನೀವು ಹೇಳೋದಕ್ಕಿಂತ ಅವರ ಬಾಯಲ್ಲೇ ಎರಡು ಮಾತು ಹೇಳಿಸ್ರಿ. ಒಪ್ಪದಿದ್ರೆ ಬಿಟ್ಟುಬಿಡಿ, ಹೆಸರು ಮರೆಸಿ ಹೇಳಿದ್ರೂ ಊರಲ್ಲಿ ಗೊತ್ತಾಗುತ್ತೆ.

ಮುಗಿಸೋದಕ್ಕೆ ಒಂದು ವಿಷಯ. 1942ರ ಆಗಸ್ಟ್ 8ರ ರಾತ್ರಿ ಮುಂಬೈಯಲ್ಲಿ ಗಾಂಧೀಜಿ "ಮಾಡು ಇಲ್ಲವೇ ಮಡಿ" ಅಂದಿದ್ದಷ್ಟೇ ನಾವೆಲ್ಲ ನೆನಪಿಟ್ಕೊಂಡಿದ್ದೀವಿ, ಆದ್ರೆ ಅದೇ ಭಾಷಣದಲ್ಲಿ ಪತ್ರಕರ್ತರು ಏನ್ ಮಾಡ್ಬೇಕು, ಸಂಸ್ಥಾನದ ರಾಜರು ಏನ್ ಮಾಡ್ಬೇಕು, ಸರ್ಕಾರಿ ನೌಕರರು ಈಗಲೇ ರಾಜೀನಾಮೆ ಕೊಡ್ಬೇಕಿಲ್ಲ, ತಾವು ಕಾಂಗ್ರೆಸ್ ಜೊತೆಗಿದ್ದೀವಿ ಅಂತ ಹೇಳಿದ್ರೆ ಸಾಕು, ಸೈನಿಕರು, ವಿದ್ಯಾರ್ಥಿಗಳು ಏನ್ ಮಾಡ್ಬೇಕು ಅಂತ ಒಂದೊಂದು ಗುಂಪಿಗೂ ಬೇರೆ ಬೇರೆ ಹೇಳಿದ್ರು. ನೀವೂ ಹಾಗೇ ಮುಗಿಸ್ರಿ: ಓದು ಬರಹ ಬರೋರು ಕಾರ್ಯದರ್ಶಿ ಸ್ಥಾನಕ್ಕೆ, ದುಡ್ಡಿನ ಲೆಕ್ಕ ಬಾಯಲ್ಲೇ ಇಟ್ಕೊಂಡಿರೋರು ಖಜಾಂಚಿಗೆ, ನಾಲ್ಕು ಜನರನ್ನ ಕೂರಿಸಿ ಜಗಳ ಬಗೆಹರಿಸೋ ಹೆಣ್ಮಗಳು ಅಧ್ಯಕ್ಷೆಗೆ. ಇಷ್ಟು ಹೇಳಿ ತಕ್ಷಣ ಹೆಸರು ಕೇಳ್ಬೇಡಿ, ಚಹಾಕ್ಕೆ ಬಿಡಿ. ಅವರವರೇ ಮಾತಾಡ್ಕೊಂಡು ಒಬ್ಬರನ್ನೊಬ್ಬರು ನೂಕ್ತಾರೆ, ಆಯ್ಕೆ ಚಹಾ ಆದ ಮೇಲೆ ಇಟ್ಕೊಳ್ರಿ.